ಅಕ್ಕಿಯ ಬದಲಿಗೆ ಬಂದ ರೊಕ್ಕ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಆಸುಪಾಸಿನ ಬ್ಯಾಂಕುಗಳ ಕಟಕಟೆಯ ಮುಂದೆಯೂ, ಹುಮನಾಬಾದಿನ ದಾರಿಯಲ್ಲಿ ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ನ್ಯಾಯಬೆಲೆ ಅಂಗಡಿಗಳ ಜಗಲಿಯ ಮೇಲೆಯೂ, 2023ನೆಯ ಇಸವಿಯ ಮಳೆಗಾಲದಿಂದ ಮೊದಲ್ಗೊಂಡು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: 'ಅಕ್ಕಿ ರೊಕ್ಕ ಬಂದಾವೇನ್ರಿ?' ಕೇಳುವವರು ಬಹುಮಟ್ಟಿಗೆ ಹೆಂಗಸರು. ಉತ್ತರ ಹೇಳಬೇಕಾದವರು ಒಮ್ಮೆ ಅಂಗಡಿಯವನು, ಒಮ್ಮೆ ಬ್ಯಾಂಕಿನ ಗುಮಾಸ್ತ, ಒಮ್ಮೆ ತಹಶೀಲು ಕಚೇರಿಯ ಆಹಾರ ಶಾಖೆಯವರು. ಆ ರೊಕ್ಕ ಯಾವ ಲೆಕ್ಕದಿಂದ ಹುಟ್ಟಿತು, ಯಾವ ದಾರಿಯಿಂದ ಬಂದಿತು, ಎಲ್ಲಿ ತಡೆಯಿತು, ಅದು ಬಾರದಿದ್ದಾಗ ಕೇಳುವ ಅಧಿಕಾರ ಯಾರಿಗಿದ್ದಿತು ಎಂಬ ಸಂಗತಿಗಳನ್ನು ಆ ಹೆಂಗಸರಿಗೆ ಒಂದು ಕಡೆ ಕುಳ್ಳಿರಿಸಿ ಸಮಾಧಾನವಾಗಿ ತಿಳಿಸಿಹೇಳಿದವರು ವಿರಳ. ಹಣದ ಬದಲು ಅಕ್ಕಿಯೇ ಮರಳಿ ಬಂದಿರುವ ಈ ಕಾಲದಲ್ಲಿಯೂ ಆ ವಿಚಾರವನ್ನು ಬಿಡಿಸಿ ನೋಡುವುದು ಅವಶ್ಯವೆಂದು ನಾನು ಭಾವಿಸಿದ್ದೇನೆ. ಏಕೆಂದರೆ ಇಂತಹ ಪ್ರಸಂಗ ಇದು ಮೊದಲನೆಯದಲ್ಲ, ಕೊನೆಯದೂ ಆಗಲಾರದು.

ವೃತ್ತಾಂತದ ಮೂಲ ಹೀಗಿದೆ. 2013ನೆಯ ಜುಲೈ 10ರಂದು ಕರ್ನಾಟಕದಲ್ಲಿ ಅನ್ನಭಾಗ್ಯ ಯೋಜನೆ ಪ್ರಾರಂಭವಾದಾಗ ಬಡ ಕುಟುಂಬವೊಂದಕ್ಕೆ ತಿಂಗಳಿಗೆ ಗರಿಷ್ಠ 30 ಕಿಲೋ ಅಕ್ಕಿ, ಕಿಲೋಗೆ 1 ರೂಪಾಯಿಯಂತೆ ದೊರೆಯುತ್ತಿದ್ದಿತು. ಮುಂದೆ ಅದು ಉಚಿತವಾಯಿತು. ಕುಟುಂಬದ ಬದಲು ತಲೆಯೆಣಿಕೆಯ ಲೆಕ್ಕ ಬಂದಿತು. ಸರ್ಕಾರಗಳು ಬದಲಾದಂತೆ ಪ್ರಮಾಣವೂ ಏರಿತು, ಇಳಿಯಿತು. 2023ರ ವಿಧಾನಸಭಾ ಚುನಾವಣೆಯ ಕಾಲದಲ್ಲಿ ತಲೆಗೆ 10 ಕಿಲೋ ಕೊಡುವೆವೆಂಬ ವಚನವಿತ್ತು ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರ ಸರ್ಕಾರ, ಕೇಂದ್ರದಿಂದ ಆಹಾರ ಭದ್ರತಾ ಕಾಯಿದೆಯ ಮೇರೆಗೆ ಉಚಿತವಾಗಿ ಬರುತ್ತಿದ್ದ 5 ಕಿಲೋಗೆ ತಾನು ಮತ್ತೆ 5 ಕಿಲೋ ಸೇರಿಸಬೇಕಾಗಿದ್ದಿತು. ಅದಕ್ಕಾಗಿ ಭಾರತೀಯ ಆಹಾರ ನಿಗಮದ ಗೋದಾಮುಗಳಿಂದ ಅಕ್ಕಿಯನ್ನು ಕ್ರಯಕ್ಕೆ ಪಡೆಯಲು ಏರ್ಪಾಡು ನಡೆಯುತ್ತಿದ್ದ ಹೊತ್ತಿಗೆ, ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯ ಸರ್ಕಾರಗಳಿಗೆ ಅಕ್ಕಿ ಗೋಧಿಗಳನ್ನು ಮಾರುವುದನ್ನು ಕೇಂದ್ರವು ಜೂನ್ 13ರ ಆಜ್ಞೆಯಿಂದ ನಿಲ್ಲಿಸಿತು. ಬೆಲೆಯೇರಿಕೆಯನ್ನು ತಡೆಯುವುದಕ್ಕೆಂದು ಕೇಂದ್ರ ಹೇಳಿತು. ಬಡವರ ಅನ್ನದಲ್ಲಿ ರಾಜಕಾರಣವೆಂದು ರಾಜ್ಯ ದೂರಿತು. ಆ ವಾಗ್ವಾದದ ನ್ಯಾಯಾನ್ಯಾಯವನ್ನು ತೂಗುವುದು ಈ ಬರಹದ ಉದ್ದೇಶವಲ್ಲ. ಛತ್ತೀಸಗಢ, ತೆಲಂಗಾಣ, ಆಂಧ್ರಪ್ರದೇಶಗಳನ್ನು ರಾಜ್ಯವು ವಿಚಾರಿಸಿತು. ಬೇಕಾದಷ್ಟು ಅಕ್ಕಿ ಬೇಕಾದ ಬೆಲೆಗೆ ಬೇಕಾದ ಹೊತ್ತಿಗೆ ಒದಗಲಿಲ್ಲ. ಕಡೆಗೆ ಜೂನ್ ತಿಂಗಳ ಕೊನೆಯಲ್ಲಿ ಮಂತ್ರಿಮಂಡಲವು, ಅಕ್ಕಿ ಸಿಕ್ಕುವ ತನಕ ಅದರ ಬದಲಿಗೆ ಕಿಲೋಗೆ 34 ರೂಪಾಯಿಯಂತೆ ಹಣವನ್ನೇ ಕೊಡುವುದೆಂದು ನಿಶ್ಚಯಿಸಿತು. ಯೋಜನೆ ಹುಟ್ಟಿದ ಸರಿಯಾಗಿ ಹತ್ತು ವರ್ಷಗಳ ತರುವಾಯ, 2023ರ ಜುಲೈ 10ರಂದು, ಆ ಪಾವತಿಗೆ ಚಾಲನೆ ದೊರೆಯಿತು.

ಲೆಕ್ಕ ಕಠಿಣವಾದುದಲ್ಲ, ಆದರೆ ಎರಡು ಬಗೆಯ ಚೀಟಿಗಳಿಗೆ ಎರಡು ಬಗೆಯಾಗಿ ನಡೆಯುತ್ತಿದ್ದುದರಿಂದ ನೆರೆಹೊರೆಯವರಲ್ಲಿಯೇ ಸಂಶಯಗಳನ್ನು ಹುಟ್ಟಿಸಿತು. ಸಾಮಾನ್ಯವಾಗಿ ಬಿಪಿಎಲ್ ಕಾರ್ಡು ಎಂದು ಕರೆಯುವ ಆದ್ಯತಾ ಕುಟುಂಬದ ಚೀಟಿಯಲ್ಲಿ ಎಷ್ಟು ಹೆಸರುಗಳಿವೆಯೋ ಅಷ್ಟು ಸಲ 170 ರೂಪಾಯಿ: ಐವರು ಇರುವ ಮನೆಗೆ 25 ಕಿಲೋ ಅಕ್ಕಿಯೂ 850 ರೂಪಾಯಿಯೂ. ಅಂತ್ಯೋದಯ ಚೀಟಿಯವರಿಗಾದರೋ ಕಾಯಿದೆಯ ಮೇರೆಗೆ ತಲೆಯ ಎಣಿಕೆಯಿಲ್ಲದೆ ಕುಟುಂಬಕ್ಕೆ 35 ಕಿಲೋ ಧಾನ್ಯ ಮೊದಲಿನಿಂದಲೂ ಉಂಟು. ಮೂವರಿರುವ ಮನೆಗೆ ತಲೆಗೆ ಹತ್ತರಂತೆ 30 ಕಿಲೋ ಆಗುವುದಷ್ಟೆ, ಅದನ್ನು ಮೀರಿದ ಧಾನ್ಯ ಈಗಾಗಲೇ ಸಲ್ಲುತ್ತಿರುವುದರಿಂದ ಹಣವಿಲ್ಲ. ನಾಲ್ವರಿದ್ದರೆ 40 ಕಿಲೋದಲ್ಲಿ ಕೊರತೆಯಾದ 5 ಕಿಲೋಗೆ 170 ರೂಪಾಯಿ, ಐವರಿದ್ದರೆ 510, ಆರು ಮಂದಿಗೆ 850. ಅತ್ಯಂತ ದರಿದ್ರರೆಂದು ಸರ್ಕಾರವೇ ಗುರುತಿಸಿದ ವಿಧವೆಯೊಬ್ಬಳಿಗೆ ಒಂದು ಕಾಸೂ ಬಾರದೆ, ಪಕ್ಕದ ಮನೆಯವಳಿಗೆ 850 ರೂಪಾಯಿ ಬಂದಾಗ, ತನಗೆ ಮೋಸವಾಯಿತೆಂದು ಆಕೆ ತಿಳಿದದ್ದು ಸ್ವಾಭಾವಿಕವೇ. ಈ ಅಂಕಗಣಿತವನ್ನು ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿದ್ದರೆ ಎಷ್ಟೋ ಮನಃಕ್ಲೇಶ ತಪ್ಪುತ್ತಿದ್ದಿತು.

ಧಾನ್ಯ ದೊರೆಯದ ಕಾಲದಲ್ಲಿ ಪ್ರಭುತ್ವವು ಏನು ಮಾಡಬೇಕೆಂಬ ಪ್ರಶ್ನೆ ಕಲಬುರಗಿಗೆ ಹೊಸತಲ್ಲ. 1347ರಿಂದ ಬಹಮನೀ ರಾಜ್ಯದ ರಾಜಧಾನಿಯಾಗಿದ್ದ ಈ ನಗರದಲ್ಲಿ 1378ರಿಂದ 1397ರವರೆಗೆ ಆಳಿದ ಎರಡನೆಯ ಮಹಮ್ಮದ ಶಹನ ಕಾಲದಲ್ಲಿ ದಖ್ಖನಿನ ಮೇಲೆ ಘೋರವಾದ ಕ್ಷಾಮವೆರಗಿತು. ಆಗ ಅರಸನು ಎತ್ತುಗಳ ಸಾಲನ್ನು ಮಾಳವ ಗುಜರಾತಗಳಿಗೆ ಅಟ್ಟಿ, ಅಲ್ಲಿಂದ ಧಾನ್ಯವನ್ನು ಹೇರಿಸಿ ತರಿಸಿ, ಅಗ್ಗದ ಬೆಲೆಗೆ ಪ್ರಜೆಗಳಿಗೆ ಮಾರಿಸಿದನೆಂದೂ, ಅನಾಥರಾದ ಬಾಲಕರಿಗಾಗಿ ಕಲಬುರಗಿ, ಬೀದರ ಮೊದಲಾದ ಪಟ್ಟಣಗಳಲ್ಲಿ ಪಾಠಶಾಲೆಗಳನ್ನು ತೆರೆಸಿದನೆಂದೂ ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಆ ನೃಪತಿಯು ಹಣವನ್ನು ಹಂಚದೆ ಧಾನ್ಯವನ್ನೇ ತರಿಸಿದುದರಲ್ಲಿ ಒಂದು ವಿವೇಕವಿದ್ದಿತು: ಪೇಟೆಯಲ್ಲಿ ಕಾಳೇ ಇಲ್ಲದಿರುವಾಗ ನಾಣ್ಯವನ್ನು ಹಂಚಿದರೆ, ಇರುವ ಅಲ್ಪಸ್ವಲ್ಪ ಕಾಳಿನ ಧಾರಣೆ ಏರುವುದೇ ವಿನಾ ಹಸಿವು ತಣಿಯದು. 2023ರ ಸನ್ನಿವೇಶ ಹಾಗಿರಲಿಲ್ಲ. ಅಕ್ಕಿ ದೇಶದಲ್ಲಿದ್ದಿತು, ಕಲಬುರಗಿಯ ಗಂಜಿನಲ್ಲಿದ್ದಿತು, ಕಮಲಾಪುರದ ಕಿರಾಣಿ ಅಂಗಡಿಯಲ್ಲಿಯೂ ಇದ್ದಿತು. ಇಲ್ಲದಿದ್ದುದು ಸರ್ಕಾರ ಕೊಳ್ಳಬಯಸಿದ ಬೆಲೆಯಲ್ಲಿ, ಸರ್ಕಾರಕ್ಕೆ ಬೇಕಾದ ರಾಶಿಯಲ್ಲಿ. ಧಾನ್ಯವು ಇದ್ದೂ ಅದನ್ನು ಪಡೆಯುವ ಶಕ್ತಿಯಿಲ್ಲದೆ ಜನ ಹಸಿಯುವುದುಂಟೆಂಬುದನ್ನು 1943ರ ಬಂಗಾಳದ ಕ್ಷಾಮವನ್ನು ಪರಿಶೀಲಿಸಿ ಅಮರ್ತ್ಯ ಸೇನರು ವಿಶದಪಡಿಸಿದ ಮೇಲೆ, ಅಂತಹ ಸಂದರ್ಭದಲ್ಲಿ ನಗದು ಸಹಾಯವೂ ಸಾಧುವಾದ ಮಾರ್ಗವೆಂಬುದರಲ್ಲಿ ವಿವಾದವಿಲ್ಲ. ಆದುದರಿಂದ ಹಣ ಕೊಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ಆಕ್ಷೇಪಣೆ ಆ ಹಣದ ಅಳತೆಯನ್ನು ಕುರಿತದ್ದು, ಅದು ಬಂದ ಹೊತ್ತನ್ನು ಕುರಿತದ್ದು.

ಅಳತೆಯ ಮಾತನ್ನು ಹಿಂದಿನವರು ಯೋಚಿಸದೆ ಬಿಟ್ಟಿರಲಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ದಕ್ಷಿಣ ಹಿಂದೂಸ್ಥಾನದ ಲಕ್ಷೋಪಲಕ್ಷ ಜನ ಮಡಿದ ತರುವಾಯ, ರಿಚರ್ಡ್ ಸ್ಟ್ರಾಚಿಯ ಅಧ್ಯಕ್ಷತೆಯ ಆಯೋಗವು 1880ರಲ್ಲಿ ಒಪ್ಪಿಸಿದ ವರದಿಯ ಆಧಾರದ ಮೇಲೆ ರಚಿತವಾದ ಕ್ಷಾಮ ಸಂಹಿತೆಗಳು, ಪರಿಹಾರ ಕಾಮಗಾರಿಯ ಕೂಲಿಯನ್ನು ಇಂತಿಷ್ಟು ಆಣೆಯೆಂದು ಕಟ್ಟಿಹಾಕಲಿಲ್ಲ. ಸ್ಥಳದ ಬಡವರು ಉಣ್ಣುವ ಧಾನ್ಯದ ತೂಕದಲ್ಲಿ ಗೊತ್ತುಪಡಿಸಿ, ಪೇಟೆಯ ಧಾರಣೆಯನ್ನನುಸರಿಸಿ ನಾಣ್ಯಕ್ಕೆ ಪರಿವರ್ತಿಸಿಕೊಡಬೇಕೆಂದು ವಿಧಿಸಿದವು. ಪರಕೀಯರ ಆ ಆಡಳಿತ ಕೃಪಣವಾಗಿದ್ದಿತು, ಅದೇ ಕ್ಷಾಮದಲ್ಲಿ ಅದರ ಅಧಿಕಾರಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ ಮನುಷ್ಯರ ಜೀವ ಹಿಡಿದಿಡಲು ಸಾಲದಷ್ಟಿದ್ದಿತು. ಆದರೂ ಕಾಳಿನ ಬೆಲೆ ಏರಿದರೆ ಕೊಡುವ ಕಾಸೂ ಏರಬೇಕೆಂಬ ತತ್ತ್ವವನ್ನು ಅದು ಕಾಗದದ ಮೇಲಾದರೂ ಅಂಗೀಕರಿಸಿದ್ದಿತು. ಸ್ವತಂತ್ರ ಭಾರತದ ಕಾಯಿದೆಯೂ ಅದನ್ನು ಮರೆತಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ 8ನೆಯ ಪ್ರಕರಣದಲ್ಲಿ, ಅರ್ಹರಾದವರಿಗೆ ಸಲ್ಲಬೇಕಾದ ಧಾನ್ಯವಾಗಲಿ ಊಟವಾಗಲಿ ಸಲ್ಲದೆ ಹೋದರೆ, ರಾಜ್ಯ ಸರ್ಕಾರದಿಂದ ಆಹಾರ ಭದ್ರತಾ ಭತ್ಯೆಯನ್ನು ಪಡೆಯುವ ಹಕ್ಕು ಅವರಿಗುಂಟೆಂದು ಬರೆದಿದೆ. ಕೇಂದ್ರವೇ ರಾಜ್ಯಕ್ಕೆ ಧಾನ್ಯವನ್ನು ಕಡಿಮೆ ಕೊಟ್ಟಿದ್ದರೆ, ಆ ಕೊರತೆಯ ಮಟ್ಟಿಗೆ ರಾಜ್ಯಕ್ಕೆ ಹಣ ಕೊಡಬೇಕೆಂದು 23ನೆಯ ಪ್ರಕರಣ ವಿಧಿಸುತ್ತದೆ. ಆ ಭತ್ಯೆಯನ್ನು ಎಣಿಸುವ ಕ್ರಮವನ್ನು 2015ರ ನಿಯಮಗಳು ಹೀಗೆ ಹೇಳಿವೆ: ಧಾನ್ಯದ ಕನಿಷ್ಠ ಬೆಂಬಲ ಬೆಲೆಯ ಒಂದೂಕಾಲು ಪಟ್ಟಿನಿಂದ, ಫಲಾನುಭವಿ ಕೊಡಬೇಕಾಗಿದ್ದ ಬೆಲೆಯನ್ನು ಕಳೆದು, ಉಳಿದುದನ್ನು ಸಲ್ಲದೆ ಹೋದ ಧಾನ್ಯದ ತೂಕದಿಂದ ಗುಣಿಸಬೇಕು.

ಈ ನಿಯಮವು ಕಾಯಿದೆಯ 5 ಕಿಲೋಗೆ ಅನ್ವಯಿಸತಕ್ಕದ್ದು. ರಾಜ್ಯವು ತನ್ನ ಬೊಕ್ಕಸದಿಂದ ಸೇರಿಸಿದ ಮೇಲಿನ 5 ಕಿಲೋ ಕಾಯಿದೆಯ ಹಕ್ಕಲ್ಲ, ಸರ್ಕಾರದ ಯೋಜನೆ. ಕಮಲಾಪುರದ ಫಲಾನುಭವಿಗೆ ಈ ಭೇದ ತಿಳಿದಿರಬೇಕು, ಏಕೆಂದರೆ ಮೊದಲನೆಯದು ತಪ್ಪಿದರೆ ಆಕೆ ಕಾನೂನಿನ ಬಾಗಿಲನ್ನು ತಟ್ಟಬಹುದು, ಎರಡನೆಯದು ತಪ್ಪಿದರೆ ಆಕೆಯ ಕೈಯಲ್ಲಿರುವುದು ಸರ್ಕಾರದ ಆಜ್ಞೆಯೊಂದೇ. ಆದರೂ ನ್ಯಾಯವಾದ ಅಳತೆ ಯಾವುದೆಂದು ವಿಚಾರಿಸುವವನು ಕಾಯಿದೆಯ ಅಳತೆಯನ್ನೇ ಪಕ್ಕದಲ್ಲಿಟ್ಟು ನೋಡುವುದು ಯುಕ್ತ. 2023–24ರಲ್ಲಿ ಸಾಧಾರಣ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,183 ರೂಪಾಯಿ. ನೂರು ಕಿಲೋ ಭತ್ತಕ್ಕೆ ಆಹಾರ ನಿಗಮವು ಲೆಕ್ಕ ಹಿಡಿಯುವಂತೆ 67 ಕಿಲೋ ಅಕ್ಕಿ ಇಳಿಯುವುದೆಂದುಕೊಂಡರೆ, ಕಿಲೋ ಅಕ್ಕಿಗೆ ಸುಮಾರು 32 ರೂಪಾಯಿ 58 ಪೈಸೆ ಬೀಳುತ್ತದೆ. ಅದರ ಒಂದೂಕಾಲು ಪಟ್ಟು 40 ರೂಪಾಯಿ 73 ಪೈಸೆ. ಕಾಯಿದೆಯ ಮೂಲ ದರವಾದ 3 ರೂಪಾಯಿಯನ್ನು ಕಳೆದರೂ 37 ರೂಪಾಯಿಯ ಮೇಲಾಗುತ್ತದೆ. 34 ರೂಪಾಯಿಯಾದರೋ ಆಹಾರ ನಿಗಮವು ಸಗಟು ಲೆಕ್ಕದಲ್ಲಿ ರಾಜ್ಯಕ್ಕೆ ಮಾರುತ್ತಿದ್ದ ಬೆಲೆ. ಅಂದರೆ ಲಾರಿಗಟ್ಟಲೆ ಕೊಳ್ಳುವ ಸರ್ಕಾರದ ಬೆಲೆಯನ್ನು, ಐದು ಕಿಲೋ ಕೊಳ್ಳುವ ಕೂಲಿಕಾರಳ ಕೈಗೆ ಕೊಟ್ಟು, ಕಿರಾಣಿ ಅಂಗಡಿಗೆ ಹೋಗೆಂದು ಹೇಳಿದಂತಾಯಿತು. ಮುಂದಿನ ವರ್ಷ ಭತ್ತದ ಬೆಂಬಲ ಬೆಲೆ 2,300ಕ್ಕೆ ಏರಿತು. ಪೇಟೆಯ ಅಕ್ಕಿಯೂ ಏರಿತು. 170 ರೂಪಾಯಿ ಮಾತ್ರ ಕೊನೆಯ ಕಂತಿನವರೆಗೂ 170 ರೂಪಾಯಿಯಾಗಿಯೇ ಉಳಿಯಿತು. ಯೋಜನೆ ತಾತ್ಕಾಲಿಕವೆಂದು ಭಾವಿಸಿದ್ದರಿಂದ ಪುನರ್ವಿಮರ್ಶೆಯ ಗೊಡವೆಗೆ ಯಾರೂ ಹೋಗಲಿಲ್ಲವೆಂದು ತೋರುತ್ತದೆ. ತಾತ್ಕಾಲಿಕವಾದದ್ದು ಒಂದೂವರೆ ವರ್ಷ ನಡೆದಾಗ, ತಿಂಗಳು ತಿಂಗಳಿಗೆ ಅನ್ನದ ತಟ್ಟೆಯಿಂದ ಒಂದೊಂದು ಹಿಡಿ ಕರಗುತ್ತ ಬಂದಿತೆಂಬುದು ನನ್ನನ್ನು ನೋಯಿಸುವ ವಿಷಯ.

ಇನ್ನು ಹಣದ ದಾರಿ. ಕಾಯಿದೆಯ 13ನೆಯ ಪ್ರಕರಣದ ಪ್ರಕಾರ ಮನೆಯಲ್ಲಿ 18 ವರ್ಷ ತುಂಬಿದ ಹೆಂಗಸರಲ್ಲಿ ಹಿರಿಯಳಾದವಳೇ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ. ಇದು ಆ ಕಾಯಿದೆಯ ಅತ್ಯುತ್ತಮವಾದ ವಿಧಿಗಳಲ್ಲೊಂದು. ಅಕ್ಕಿಯ ಹಣ ಮೊದಲು ಆಕೆಯ ಖಾತೆಗೇ ಹೋಗಬೇಕೆಂದಾಯಿತು. ಚೀಟಿಯಲ್ಲಿ ಮುಖ್ಯಸ್ಥೆಯ ಹೆಸರೊಂದೇ ಇರಬೇಕು. ಎರಡು ಹೆಸರು ಆ ಸ್ಥಾನದಲ್ಲಿದ್ದರೆ ಹಣವಿಲ್ಲ, ಯಾರ ಹೆಸರೂ ಇಲ್ಲದಿದ್ದರೆ ಹಣವಿಲ್ಲ. ಆಕೆಯ ಆಧಾರ್ ಸಂಖ್ಯೆ ಚೀಟಿಗೆ ಸೇರಿರಬೇಕು, ಅದೇ ಸಂಖ್ಯೆ ಬ್ಯಾಂಕಿನ ಖಾತೆಗೂ ಸೇರಿರಬೇಕು, ಖಾತೆ ಚಲಾವಣೆಯಲ್ಲಿರಬೇಕು. ಹಿಂದಿನ ಮೂರು ತಿಂಗಳು ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ಪಡೆಯದಿದ್ದವರನ್ನು ಪಟ್ಟಿಯಿಂದ ಹೊರಗಿಟ್ಟದ್ದೂ ಉಂಟು. ಇಷ್ಟೆಲ್ಲ ಸರಿಯಿದ್ದರೂ ಒಂದು ಸೂಕ್ಷ್ಮ ಉಳಿಯುತ್ತದೆ: ಆಧಾರದ ಮೂಲಕ ಕಳುಹಿದ ಹಣವು ಫಲಾನುಭವಿ ಅಂಗಡಿಯವನಿಗೆ ತೋರಿಸಿದ ಪಾಸುಪುಸ್ತಕದ ಖಾತೆಗೇ ಹೋಗುವುದೆಂದಿಲ್ಲ, ರಾಷ್ಟ್ರೀಯ ಪಾವತಿ ನಿಗಮದ ದಾಖಲೆಯಲ್ಲಿ ಯಾವ ಬ್ಯಾಂಕು ಕಟ್ಟಕಡೆಗೆ ಆ ಆಧಾರಕ್ಕೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಜನಧನದ ಕಾಲದಲ್ಲೊಂದು, ಸ್ತ್ರೀಶಕ್ತಿ ಸಂಘದ ಸಾಲಕ್ಕೊಂದು, ಮಗಳ ವಿದ್ಯಾರ್ಥಿವೇತನಕ್ಕೆಂದು ಮತ್ತೊಂದು ಖಾತೆ ತೆರೆದ ತಾಯಿಯು, ತನ್ನ ಹಣ ಇವುಗಳಲ್ಲಿ ಎಲ್ಲಿ ಬಿದ್ದಿದೆಯೆಂದು ತಿಳಿಯದೆ, 'ಬಂದಿಲ್ಲ' ಎಂದು ತಿಂಗಳುಗಟ್ಟಲೆ ಕೊರಗಿದ ನಿದರ್ಶನಗಳುಂಟು. ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆ 'ನನ್ನ ಖಾತೆಗೆ ಆಧಾರ್ ಸೇರಿದೆಯೇ' ಎಂಬುದಷ್ಟೇ ಅಲ್ಲ. 'ಸರ್ಕಾರದ ಹಣ ಬೀಳುವಂತೆ ಈ ಖಾತೆಗೇ ಜೋಡಣೆಯಾಗಿದೆಯೇ' ಎಂಬುದು. ಅದೇ ವರ್ಷದ ಆಗಸ್ಟ್ 30ರಿಂದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯೂ ಇದೇ ಮುಖ್ಯಸ್ಥೆಯ ಹೆಸರಿಗೆ, ಇದೇ ದಾರಿಯಲ್ಲಿ ಬರತೊಡಗಿದ ಮೇಲಂತೂ, ಯಾವ ಜಮೆ ಯಾವುದರದೆಂದು ತಿಳಿಯುವುದು ಓದುಬರಹ ಬಲ್ಲವರಿಗೂ ಕಷ್ಟವಾಯಿತು.

ಕಲಬುರಗಿ ನಗರದಲ್ಲಿ ವಾಸಿಸುವವಳಿಗೆ ಈ ತೊಡಕನ್ನು ಬಿಡಿಸಿಕೊಳ್ಳಲು ಬ್ಯಾಂಕು, ಅಂಚೆ ಕಚೇರಿ, ಸೇವಾ ಕೇಂದ್ರ ಎಲ್ಲವೂ ಆಟೋರಿಕ್ಷಾದ ಅಳವಿನಲ್ಲಿವೆ. ಕಮಲಾಪುರ ತಾಲ್ಲೂಕಿನ ಒಳಹಳ್ಳಿಯವಳ ಪಾಡು ಬೇರೆ. ಕಮಲಾಪುರವು ಕಾಳಗಿ, ಯಡ್ರಾಮಿ, ಶಹಾಬಾದಗಳ ಜೊತೆಗೆ 2018ರಲ್ಲಿ ತಾಲ್ಲೂಕಾದ ಊರು; ತತ್ಪೂರ್ವದಲ್ಲಿ ಚೀಟಿಯ ಒಂದಕ್ಷರದ ತಿದ್ದುಪಡಿಗೂ ಕಲಬುರಗಿಗೇ ಬರಬೇಕಾಗಿದ್ದಿತು. ತಾಲ್ಲೂಕು ಕಚೇರಿ ಹತ್ತಿರ ಬಂದದ್ದು ದೊಡ್ಡ ಉಪಕಾರವೇ ಸರಿ. ಆದರೆ ಹೆಸರಿನ ತಿದ್ದುಪಡಿ ಒಂದು ಕಡೆ, ಆಧಾರದ ಬೆರಳಚ್ಚು ಇನ್ನೊಂದು ಕಡೆ, ಬ್ಯಾಂಕಿನ ಜೋಡಣೆ ಮಗುದೊಂದು ಕಡೆ ಆಗಬೇಕಾಗಿರುವಾಗ, ದಿನಗೂಲಿಯವಳು ಒಂದು ತಿಂಗಳ 170 ರೂಪಾಯಿಯನ್ನು ಹುಡುಕಲು ಅದಕ್ಕಿಂತ ಹೆಚ್ಚಿನ ಕೂಲಿಯನ್ನೂ ಬಸ್ಸಿನ ಸಮಯವನ್ನೂ ತೆರಬೇಕಾಗುತ್ತದೆ. ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋದ ಕುಟುಂಬಗಳ ಕಥೆ ಇನ್ನೂ ಕ್ಲಿಷ್ಟ. ಧಾನ್ಯವನ್ನು ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡೆಯುವ ಅನುಕೂಲ ಈಗ ಉಂಟಾದರೂ, ಊರು ಬಿಟ್ಟು ಮೂರು ತಿಂಗಳು ಹೆಬ್ಬೆಟ್ಟು ಒತ್ತದೆ ಹೋದುದೇ ಅವರಿಗೆ ಅಪರಾಧವಾಗಿ ಪರಿಣಮಿಸುತ್ತಿದ್ದಿತು. ಶರಣಬಸವೇಶ್ವರರ ದಾಸೋಹದ ನೆಲ ಇದು. ಆ ಪಂಕ್ತಿಯಲ್ಲಿ ಕುಳಿತವನನ್ನು ಯಾರೂ ಗುರುತಿನ ಚೀಟಿ ಕೇಳಿದವರಲ್ಲ. ಸರ್ಕಾರವು ಸಾರ್ವಜನಿಕರ ಹಣಕ್ಕೆ ಉತ್ತರ ಹೇಳಬೇಕಾದುದರಿಂದ ಗುರುತನ್ನು ಕೇಳಲೇಬೇಕು, ಒಪ್ಪತಕ್ಕ ಮಾತು. ಆದರೆ ಆ ಗುರುತು ಯಂತ್ರದಲ್ಲಿ ತಾಳೆಯಾಗದಿದ್ದಾಗ ಅದನ್ನು ಸರಿಪಡಿಸುವ ಶ್ರಮವು ಹಸಿದವಳ ಹೆಗಲ ಮೇಲೇ ಬೀಳಬೇಕೆಂಬುದು ಯಾವ ನ್ಯಾಯ? ಹಣ ಬಾರದ ಚೀಟಿಗಳ ಪಟ್ಟಿ ಇಲಾಖೆಯ ಬಳಿ ಇದ್ದೇ ಇರುವಾಗ, ಕಾರಣ ಸಹಿತವಾಗಿ ಆ ಪಟ್ಟಿಯನ್ನು ಅಂಗಡಿಗಂಗಡಿಗೆ ಕಳುಹಿಸಿ, ಒಂದು ನಿಗದಿತ ದಿನ ಬ್ಯಾಂಕಿನವರನ್ನೂ ಆಹಾರ ನಿರೀಕ್ಷಕರನ್ನೂ ಊರಿನ ಚಾವಡಿಯಲ್ಲಿಯೇ ಕೂಡಿಸುವುದು ಅಸಾಧ್ಯವಾದ ಕಾರ್ಯವಲ್ಲ.

ಧಾನ್ಯ ಲೇಸೋ ಹಣ ಲೇಸೋ ಎಂಬ ಚರ್ಚೆ ಆ ಕಾಲದಲ್ಲಿ ಪತ್ರಿಕೆಗಳಲ್ಲಿ ಬಹಳವಾಗಿ ನಡೆಯಿತು. ಹಣವನ್ನು ಮೆಚ್ಚಿದವರ ಮಾತಿನಲ್ಲಿ ಸತ್ಯವಿದ್ದಿತು. ಕಲಬುರಗಿ ಸೀಮೆಯ ನಿತ್ಯದ ಊಟ ಜೋಳದ ರೊಟ್ಟಿ. ಪಡಿತರದಲ್ಲಿ ಕೆಲವು ಕಾಲ ಜೋಳವನ್ನು ಹಂಚಿದ್ದುಂಟಾದರೂ ಹೆಚ್ಚಿನಂಶ ಬಂದುದು ಅಕ್ಕಿಯೇ. ತಲೆಗೆ 10 ಕಿಲೋ ಅಕ್ಕಿ ಬಂದರೆ ಅದರಲ್ಲೊಂದು ಪಾಲನ್ನು ಮಾರಿ ಜೋಳ, ಎಣ್ಣೆ, ಬೇಳೆ ಕೊಳ್ಳುವ ಮನೆಗಳಿಗೆ, ಆ ಮಾರಾಟದಲ್ಲಿ ನಷ್ಟವಾಗದಂತೆ ನೇರವಾಗಿ ಹಣವೇ ಬರುವುದು ಹಿತಕರವಾಗಿಯೇ ಇದ್ದಿತು. ಆದರೆ 2023 ಮಳೆ ಕೈಕೊಟ್ಟ ವರ್ಷವೆಂಬುದನ್ನು ಮರೆಯಬಾರದು. ಅದೇ ವರ್ಷ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಹೊಲದಲ್ಲಿ ಕೂಲಿಯಿಲ್ಲದೆ, ಪೇಟೆಯಲ್ಲಿ ಧಾರಣೆ ಏರಿದಾಗ, ಚೀಲದಲ್ಲಿರುವ ಅಕ್ಕಿ ಬೆಲೆ ಏರಿದರೂ ಕಡಿಮೆಯಾಗುವುದಿಲ್ಲ. ಕೈಯಲ್ಲಿರುವ ರೊಕ್ಕ ಕಡಿಮೆಯಾಗುತ್ತದೆ. ಮೇಲಾಗಿ ಮನೆಗೆ ಬಂದ ಅಕ್ಕಿ ಒಲೆಯ ಮೇಲೇ ಏರುತ್ತದೆ. ಖಾತೆಗೆ ಬಂದ ಹಣಕ್ಕೆ ಸಾಲದ ಕಂತು, ಆಸ್ಪತ್ರೆಯ ಚೀಟಿ, ಗಂಡನ ಕೈ ಎಂಬ ಬಹು ಹಕ್ಕುದಾರರು. ಬರ ಪರಿಹಾರದ ಮೊತ್ತವನ್ನು ರೈತರ ಸಾಲಕ್ಕೆ ಜಮಾ ಮಾಡಿಕೊಳ್ಳಕೂಡದೆಂದು 2024ರಲ್ಲಿ ಸರ್ಕಾರವೇ ಬ್ಯಾಂಕುಗಳಿಗೆ ಸೂಚಿಸಬೇಕಾಗಿ ಬಂದುದನ್ನು ನೆನೆದರೆ ಈ ಭೀತಿ ಕಲ್ಪಿತವಲ್ಲವೆಂದು ತಿಳಿಯುತ್ತದೆ.

ಮಹಾಮಾರಿಯ ದಿನಗಳಲ್ಲಿ ಕಲಬುರಗಿ ಈ ಎರಡು ಬಗೆಯ ಸಹಾಯವನ್ನೂ ಒಟ್ಟಿಗೆ ಕಂಡಿದ್ದಿತು. ದೇಶದಲ್ಲಿ ಕೋವಿಡ್‌ನಿಂದಾದ ಪ್ರಥಮ ಮರಣವು 2020ರ ಮಾರ್ಚ್ ತಿಂಗಳಲ್ಲಿ ಸಂಭವಿಸಿದ್ದು ಈ ನಗರದ ವೃದ್ಧರೊಬ್ಬರದು. ಮಿಕ್ಕ ಊರುಗಳಿಗಿಂತ ಮುಂಚೆಯೇ ಇಲ್ಲಿನ ಬೀದಿಗಳು ಸ್ತಬ್ಧವಾದವು. ಮಾರ್ಚ್ 26ರಂದು ಕೇಂದ್ರವು ಪ್ರಕಟಿಸಿದ ಗರೀಬ್ ಕಲ್ಯಾಣ ಯೋಜನೆಯಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಹೆಚ್ಚುವರಿಯಾಗಿ ಬಂದಿತು. ಜನಧನ ಖಾತೆಯ ಹೆಂಗಸರಿಗೆ ಮೂರು ತಿಂಗಳು 500 ರೂಪಾಯಿಯಂತೆ ಹಣವೂ ಬಂದಿತು. ಅಂಗಡಿ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಮನೆಗಳನ್ನು ಎತ್ತಿಹಿಡಿದದ್ದು ಮುಖ್ಯವಾಗಿ ಧಾನ್ಯ. ಅದೇ ಕಾಲದಲ್ಲಿ ಅಮೆರಿಕೆಯಲ್ಲಿ ಮೂರನೆಯದೊಂದು ಮಾರ್ಗ ನಡೆಯುತ್ತಿದ್ದಿತು: ಅಲ್ಲಿನ ಬಡ ಕುಟುಂಬಗಳಿಗೆ ಆಹಾರ ಪದಾರ್ಥವನ್ನು ಮಾತ್ರ ಕೊಳ್ಳಲು ಬರುವ ಒಂದು ಕಾರ್ಡು ಉಂಟು, ಮಹಾಮಾರಿಯ ನಿಮಿತ್ತವಾಗಿ ಆ ಕಾರ್ಡಿಗೆ ತುಂಬುತ್ತಿದ್ದ ತುರ್ತು ಮೊತ್ತವು 2023ರ ಫೆಬ್ರವರಿಯ ಕಂತಿನೊಡನೆ ನಿಂತಿತು. ಆ ಕಾರ್ಡಿನ ಮೂಲ ಮೊತ್ತವನ್ನು ಅಲ್ಲಿ ವರ್ಷಕ್ಕೊಮ್ಮೆ ಆಹಾರದ ಬೆಲೆಯನ್ನು ನೋಡಿ ಪರಿಷ್ಕರಿಸುತ್ತಾರೆ. ನಮಗೆ ಅನುಕರಣೀಯವಾದುದು ಕಾರ್ಡಲ್ಲ, ಆ ಪರಿಷ್ಕಾರ.

ನಮ್ಮಲ್ಲಿ ಹಣದ ಪರ್ವ 2025ರ ಆದಿಯಲ್ಲಿ ಮುಗಿಯಿತು. ಆ ವರ್ಷದ ಜನವರಿಯಲ್ಲಿ ಕೇಂದ್ರವು ರಾಜ್ಯಗಳಿಗೆ ಮಾರುವ ಅಕ್ಕಿಯ ಬೆಲೆಯನ್ನು ಕ್ವಿಂಟಲಿಗೆ 2,250 ರೂಪಾಯಿಗೆ ಇಳಿಸಿತು. ಆಹಾರ ಮಂತ್ರಿಗಳಾದ ಕೆ.ಎಚ್. ಮುನಿಯಪ್ಪನವರು ಫೆಬ್ರವರಿಯಿಂದ ಹಣಕ್ಕೆ ಬದಲು ಅಕ್ಕಿಯನ್ನೇ ಕೊಡುವುದಾಗಿ ಸಾರಿದರು. ಮಾರ್ಚಿನಲ್ಲಿ ಫೆಬ್ರವರಿಯ ಪಾಲೂ ಸೇರಿ ತಲೆಗೆ 15 ಕಿಲೋ ಬಂದಾಗ ಕಮಲಾಪುರದ ಅಂಗಡಿಗಳ ಮುಂದೆ ಚೀಲ ಹೊತ್ತವರ ಸಾಲು ಮತ್ತೆ ಉದ್ದವಾಯಿತು. ಕಿಲೋಗೆ 34 ರೂಪಾಯಿ ಕೊಡುತ್ತಿದ್ದ ಬೊಕ್ಕಸಕ್ಕೆ ಸಾಗಣೆಯ ವೆಚ್ಚ ಸೇರಿಸಿದರೂ ಉಳಿತಾಯವಾಯಿತು. ಫಲಾನುಭವಿಗಾದರೋ ಪೇಟೆಯಲ್ಲಿ 170 ರೂಪಾಯಿಗೆ ದೊರೆಯುತ್ತಿದ್ದುದಕ್ಕಿಂತ ಹೆಚ್ಚು ಅಕ್ಕಿ ಕೈಸೇರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಂತ್ರಿಮಂಡಲವು ಮತ್ತೊಂದು ಹೆಜ್ಜೆಯಿಟ್ಟು, ಆ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಿಗೆ ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪುಗಳನ್ನೊಳಗೊಂಡ ಇಂದಿರಾ ಆಹಾರ ಕಿಟ್ಟನ್ನು ಕೊಡಲು ಸಮ್ಮತಿಸಿತು. ಅನ್ನವೊಂದರಿಂದಲೇ ದೇಹಪೋಷಣೆಯಾಗದೆಂಬುದನ್ನು ಒಪ್ಪಿಕೊಂಡ ಈ ವಿಚಾರ ನನಗೆ ಮನಃಪೂರ್ವಕವಾಗಿ ಮೆಚ್ಚುಗೆಯಾದುದು; 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ತೊಗರಿಯನ್ನು ಬೆಳೆಯುವ ಈ ಜಿಲ್ಲೆಯಲ್ಲಿ, ತೊಗರಿ ಕಟಾವು ಮಾಡುವ ಕೂಲಿಕಾರಳ ಮನೆಯಲ್ಲಿ ಬೇಳೆ ಬೇಯದ ದಿನಗಳಿರುವುದನ್ನು ಬಲ್ಲವರಾರೂ ಇದನ್ನು ಹಳಿಯಲಾರರು. ಆದರೆ ಕಿಟ್ಟು ಒದಗದ ತಿಂಗಳಲ್ಲಿ ಏನು ಕೊಡಲಾಗುವುದು, ಯಾವ ಬೆಲೆಯ ಲೆಕ್ಕದಿಂದ ಕೊಡಲಾಗುವುದು ಎಂಬ ಹಳೆಯ ಪ್ರಶ್ನೆ ಮತ್ತೆ ಏಳುತ್ತದೆ, ಬೇಳೆ ಎಣ್ಣೆಗಳ ಧಾರಣೆ ಅಕ್ಕಿಗಿಂತ ಬೇಗ ಏರಿಳಿಯುವುದರಿಂದ ಇನ್ನೂ ತೀವ್ರವಾಗಿ ಏಳುತ್ತದೆ.

ಹಣದ ಕಾಲದಲ್ಲಿ ಜನರನ್ನು ಅತ್ಯಂತ ಬಾಧಿಸಿದ್ದು ಮೊತ್ತದ ಅಲ್ಪತ್ವಕ್ಕಿಂತಲೂ ಅದರ ವಿಳಂಬ. ಅಕ್ಕಿಗೊಂದು ತಿಂಗಳಿದ್ದಿತು, ಹಣಕ್ಕೆ ತಿಂಗಳಿರಲಿಲ್ಲ. ಕೆಲವು ಸಲ ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದಿತು, ಕೆಲವು ಸಲ ಬಾಕಿ ಉಳಿಯಿತು. ಬಾಕಿಯ ಹಣ ಎಂದೋ ಒಂದು ದಿನ ಬಂದರೂ ಆ ನಡುವೆ ಅಂಗಡಿಯಲ್ಲಿ ಉದ್ರಿ ತಂದ ಅಕ್ಕಿಗೆ ಹೆಚ್ಚಿನ ಬೆಲೆ ತೆತ್ತಾಗಿರುತ್ತದೆ. ಅಂತಹ ಬಾಕಿಯಿರುವ ಕುಟುಂಬದವರು ಬಾಯಿಮಾತಿನಲ್ಲಿ ವಿಚಾರಿಸಿ ಹಿಂದಿರುಗದೆ, ಚೀಟಿಯ ಸಂಖ್ಯೆಯನ್ನೂ ಹಣ ಬಾರದ ತಿಂಗಳುಗಳನ್ನೂ ನಮೂದಿಸಿ, ಪಾಸುಪುಸ್ತಕದ ಆ ತಿಂಗಳುಗಳ ಪುಟದ ಪ್ರತಿಯನ್ನು ಲಗತ್ತಿಸಿ, ತಹಶೀಲು ಕಚೇರಿಯ ಆಹಾರ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿಯನ್ನು ಪಡೆಯುವುದು ಒಳ್ಳೆಯದು. ಇಲಾಖೆಯ 1967 ಎಂಬ ದೂರವಾಣಿಯೂ ಉಂಟು. ಕಾಯಿದೆಯ ಧಾನ್ಯವೇ ತಪ್ಪಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಯ ಬಳಿಗೆ, ಅಲ್ಲಿಯೂ ಪರಿಹಾರ ದೊರೆಯದಿದ್ದರೆ ರಾಜ್ಯ ಆಹಾರ ಆಯೋಗದ ಬಳಿಗೆ ಹೋಗಬಹುದು. ನಿವಾರಣಾಧಿಕಾರಿಯು ಕೊಡಿಸೆಂದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ಅಧಿಕಾರಿಗೆ 5,000 ರೂಪಾಯಿಯವರೆಗೆ ದಂಡ ವಿಧಿಸುವ ಅಧಿಕಾರವನ್ನು 33ನೆಯ ಪ್ರಕರಣ ಆ ಆಯೋಗಕ್ಕೆ ಕೊಟ್ಟಿದೆ. ರಾಜ್ಯವು ತಾನಾಗಿ ಕೊಡುವ ಹೆಚ್ಚುವರಿ ಪಾಲಿಗೆ ಇಂತಹ ರಕ್ಷೆಯಾವುದೂ ಇಲ್ಲ. ಅದನ್ನು ಒದಗಿಸಲು ಹೊಸ ಕಾಯಿದೆಯೇ ಬೇಕೆಂದಿಲ್ಲ, ಸರ್ಕಾರದ ಒಂದು ಆಜ್ಞೆ ಸಾಕು: ಪದಾರ್ಥ ಒದಗದ ತಿಂಗಳಿನ ಬದಲಿ ಹಣವನ್ನು ಆ ತಿಂಗಳ ಕಲಬುರಗಿ ಪೇಟೆಯ ಚಿಲ್ಲರೆ ಧಾರಣೆಯಿಂದ ಎಣಿಸತಕ್ಕದ್ದು, ಮುಂದಿನ ತಿಂಗಳ ಪಡಿತರ ಬರುವುದಕ್ಕೆ ಮುಂಚೆ ಜಮೆ ಮಾಡತಕ್ಕದ್ದು, ಜಮೆಯಾಗದ ಚೀಟಿಗಳ ಪಟ್ಟಿಯನ್ನು ಕಾರಣದೊಡನೆ ಪ್ರತಿಯೊಂದು ನ್ಯಾಯಬೆಲೆ ಅಂಗಡಿಯ ಬಾಗಿಲಲ್ಲಿ ಅಂಟಿಸತಕ್ಕದ್ದು ಎಂದು ಅದರಲ್ಲಿ ಬರೆಯಬೇಕು.